ಸದ್ದಿಲ್ಲದೆ ಕೆಡುವ ಸೋಲಾರ್: ಅದನ್ನು ಹಾಕುವವರಿಗೆ ಕಲಿಸಬೇಕಾದ್ದೇನು?

ಮೈಸೂರಿನಲ್ಲಿ ಯಾರನ್ನಾದರೂ "ನಿಮ್ಮನೇಲಿ ಸೋಲಾರ್ ಇದೆಯಾ?" ಅಂತ ಕೇಳಿ ನೋಡಿ. "ಓ, ಮನೆ ಕಟ್ಟಿದಾಗಿಂದ ಇದೆ" ಅನ್ನುತ್ತಾರೆ. ಅವರು ಹೇಳುತ್ತಿರುವುದು ಸ್ನಾನಕ್ಕೆ ನೀರು ಕಾಯಿಸುವ ಸೋಲಾರ್. ಕುವೆಂಪುನಗರ, ಸರಸ್ವತಿಪುರಂ ಕಡೆ ಟೆರೇಸ್ ಮೇಲೆ ನಿಂತರೆ ಸುತ್ತಲೂ ಕಾಣುವುದು ಅದೇ. ಅದು ಬಿಸಿಲಿನ ಶಾಖವನ್ನು ನೀರಿಗೆ ದಾಟಿಸುವ ಸಾಮಾನು. ನಾನಿಲ್ಲಿ ಬರೆಯುತ್ತಿರುವುದು ಬಿಸಿಲಿನ ಬೆಳಕನ್ನು ನೇರವಾಗಿ ಕರೆಂಟ್ ಮಾಡುವ ಪ್ಯಾನೆಲ್‌ಗಳ ಬಗ್ಗೆ.

ಹೆಸರು ಒಂದೇ, ಗುಣ ಬೇರೆ. ನೀರಿನ ಸೋಲಾರ್ ಕೆಟ್ಟರೆ ಬೆಳಿಗ್ಗೆ ಆರು ಗಂಟೆಗೇ ಮನೆಯವರಿಗೆಲ್ಲ ಗೊತ್ತಾಗುತ್ತದೆ. ತಲೆ ಮೇಲೆ ತಣ್ಣೀರು ಬೀಳುತ್ತದಲ್ಲ! ಕರೆಂಟಿನ ಸೋಲಾರ್ ಅರ್ಧ ಕೆಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಫ್ಯಾನ್ ತಿರುಗುತ್ತಲೇ ಇರುತ್ತದೆ, ಮಿಕ್ಸಿ ಓಡುತ್ತಲೇ ಇರುತ್ತದೆ. ಪ್ಯಾನೆಲ್ ಕೊಡದೇ ಉಳಿಸಿದ್ದನ್ನು ಕಂಬದ ಲೈನ್ ಸದ್ದಿಲ್ಲದೆ ತುಂಬಿಕೊಡುತ್ತದೆ.

ನಾನು ಮಂಡ್ಯದಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಹುಡುಗ ಹುಡುಗಿಯರಿಗೆ ಪಾಠ ಮಾಡುವವನು. ಕೆಲವು ವರ್ಷಗಳಿಂದ ಸೋಲಾರ್ ಕೂಡ ಹೇಳಿಕೊಡುತ್ತಿದ್ದೇನೆ. ಒಂದು ಸಲ ನಮ್ಮ ಬ್ಯಾಚನ್ನು ಶ್ರೀರಂಗಪಟ್ಟಣದ ಹತ್ತಿರ ಒಂದು ಮನೆಗೆ ಕರೆದುಕೊಂಡು ಹೋಗಿದ್ದೆ. 540 ವ್ಯಾಟ್‌ನ ಹತ್ತು ಪ್ಯಾನೆಲ್, ಐದೈದರ ಎರಡು ಸಾಲು. ಮನೆಯವರಿಗೆ ತುಂಬಾ ಖುಷಿ. "ಬಿಲ್ ಅರ್ಧಕ್ಕೆ ಇಳಿದಿದೆ ಸಾರ್" ಅಂದರು. ನಮ್ಮ ಒಬ್ಬ ಹುಡುಗಿ ಸುಮ್ನೆ ಪ್ರಾಕ್ಟೀಸಿಗೆ ಅಂತ ಎರಡೂ ಸಾಲಿನ ವೈರಿಗೆ ಕ್ಲ್ಯಾಂಪ್ ಮೀಟರ್ (ವೈರ್ ಬಿಚ್ಚದೆ ಹರಿಯುವ ಕರೆಂಟ್ ಅಳೆಯುವ ಇಕ್ಕಳ) ಹಾಕಿದಳು. ಒಂದರಲ್ಲಿ 8 ಆಂಪಿಯರ್. ಇನ್ನೊಂದರಲ್ಲಿ ಸೊನ್ನೆಗೆ ಹತ್ತಿರ. ಅರ್ಧ ಪ್ಯಾನೆಲ್‌ಗಳು ಎಷ್ಟು ತಿಂಗಳಿಂದ ಸುಮ್ಮನೆ ಬಿಸಿಲು ಕಾಯಿಸುತ್ತಿದ್ದವೋ! ಬಿಲ್ ಇಳಿದದ್ದು ನಿಜ. ಆದರೆ ಇನ್ನೂ ಇಳಿಯಬೇಕಿತ್ತು. ಇಳಿಯದೇ ಹೋದದ್ದಕ್ಕೆ ಬಿಲ್ ಬರುವುದಿಲ್ಲವಲ್ಲ.

ಆ ಮನೆಗೆ ಅದಕ್ಕೂ ಮೊದಲು ಒಬ್ಬ ಟೆಕ್ನಿಷಿಯನ್ ಬಂದು, ಮೀಟರ್ ಹಿಡಿದು, "ವೋಲ್ಟೇಜ್ ಬರ್ತಿದೆ, ಎಲ್ಲ ಸರಿ ಇದೆ" ಅಂತ ಹೇಳಿ ಹೋಗಿದ್ದನಂತೆ. ಅವನು ಸುಳ್ಳು ಹೇಳಿರಲಿಲ್ಲ. ವೋಲ್ಟೇಜ್ ಬರುತ್ತಲೇ ಇತ್ತು. ಯಾಕೆ ಹಾಗೆ ಅನ್ನುವುದು ಅರ್ಥವಾದರೆ ಸೋಲಾರ್ ಕೆಲಸದ ಅರ್ಧ ಅರ್ಥವಾದಂತೆ.

ಕಟ್ಟೆಯ ಅಡಿ, ನಾಲೆಯ ಕ್ಯೂಸೆಕ್

ವೋಲ್ಟೇಜ್ ಎಂದರೇನು, ಕರೆಂಟ್ ಎಂದರೇನು ಅಂತ ಪುಸ್ತಕದ ವ್ಯಾಖ್ಯೆ ಹೇಳಿದರೆ ಹುಡುಗರು ಆಕಳಿಸುತ್ತಾರೆ. ಮಂಡ್ಯದಲ್ಲಿ ಇದಕ್ಕೆ ಸುಲಭದ ದಾರಿ ಇದೆ. ಇಲ್ಲಿ ಹುಟ್ಟಿದ ಎಲ್ಲರಿಗೂ ಎರಡು ಲೆಕ್ಕ ಬಾಯಿಗೆ ಬರುತ್ತದೆ: ಕನ್ನಂಬಾಡಿಯಲ್ಲಿ ಇವತ್ತು ಎಷ್ಟು ಅಡಿ, ನಾಲೆಗೆ ಎಷ್ಟು ಕ್ಯೂಸೆಕ್. ವೋಲ್ಟೇಜ್ ಅಂದರೆ ಅಡಿ. ಕರೆಂಟ್ ಅಂದರೆ ಕ್ಯೂಸೆಕ್. ಕಟ್ಟೆಯಲ್ಲಿ 124 ಅಡಿ ತುಂಬಿದ್ದರೂ ತೂಬು ಮುಚ್ಚಿದ್ದರೆ ಗದ್ದೆಗೆ ನೀರಿಲ್ಲ. ಎರಡೂ ಸೇರಿದರೆ ಮಾತ್ರ ಕೆಲಸ. ಎರಡನ್ನೂ ಗುಣಿಸಿದರೆ ಸಿಗುವುದು ವ್ಯಾಟ್.

ಶ್ರೀರಂಗಪಟ್ಟಣದ ಮನೆಯಲ್ಲಿ ಆಗಿದ್ದೂ ಇದೇ. ಎರಡು ವೈರ್ ಸೇರುವ ಕಡೆ ಕನೆಕ್ಟರ್ ಕರಗಿ ಒಳಗೆಲ್ಲ ಕಪ್ಪಾಗಿತ್ತು. ಮೀಟರ್ ಹಿಡಿದು ಅಳೆಯುವಾಗ ಕರೆಂಟ್ ಹರಿಯುವುದೇ ಇಲ್ಲ ಅನ್ನಬಹುದು, ಅಷ್ಟು ಕಡಿಮೆ. ಹಾಗಾಗಿ ಅಡಿ ಪೂರ್ತಿ ಕಾಣುತ್ತದೆ. ನಿಜವಾಗಿ ನೀರು ಬಿಡಲು ಹೋದರೆ ತೂಬು ಕಟ್ಟಿಕೊಂಡಿದೆ. ಅಡಿ ನೋಡಿ ಹೋದವನಿಗೆ ಎಲ್ಲ ಸರಿ. ಕ್ಯೂಸೆಕ್ ನೋಡಿದವಳಿಗೆ ಕಳ್ಳ ಸಿಕ್ಕಿಬಿದ್ದ.

ಈ ಹೋಲಿಕೆಯನ್ನು ಇನ್ನೂ ಸ್ವಲ್ಪ ದೂರ ಎಳೆಯಬಹುದು. ಪ್ಯಾನೆಲ್‌ಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿದರೆ, ಅಂದರೆ ಸೀರೀಸ್ ಮಾಡಿದರೆ, ಅಡಿ ಕೂಡುತ್ತಾ ಹೋಗುತ್ತದೆ, ಕ್ಯೂಸೆಕ್ ಅಷ್ಟೇ ಇರುತ್ತದೆ. ಪಕ್ಕಪಕ್ಕ ಕಟ್ಟಿದರೆ, ಅಂದರೆ ಪ್ಯಾರಲಲ್ ಮಾಡಿದರೆ, ಕ್ಯೂಸೆಕ್ ಕೂಡುತ್ತದೆ, ಅಡಿ ಅಷ್ಟೇ. ಮೋಡ ಬಂದರೆ ಕುಸಿಯುವುದು ಮುಖ್ಯವಾಗಿ ಕ್ಯೂಸೆಕ್. ಪ್ಯಾನೆಲ್ ಕಾದರೆ ಇಳಿಯುವುದು ಅಡಿ. ಈ ನಾಲ್ಕು ಮಾತು ಮನಸ್ಸಿನಲ್ಲಿ ಕೂತರೆ ಮುಂದಿನ ಡಿಸೈನ್ ಪಾಠವೆಲ್ಲ ಲೆಕ್ಕ ಅಷ್ಟೇ.

ಇದೆಲ್ಲ ಯಾಕೆ ಈಗ ತುರ್ತು ಅಂದರೆ, ಕರೆಂಟ್ ಹುಟ್ಟುವ ಜಾಗವೇ ಬದಲಾಗುತ್ತಿದೆ. 1902ರಲ್ಲಿ ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಕರೆಂಟ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಒಂದು ಸ್ಟೇಷನ್, ಅದನ್ನು ನೋಡಿಕೊಳ್ಳಲು ಕಲಿತ ಕೆಲವೇ ಜನ. ಈಗ ಒಂದೊಂದು ಟೆರೇಸೂ ಒಂದು ಪುಟ್ಟ ಸ್ಟೇಷನ್. 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿಯೇ ದೇಶದ ಒಂದು ಕೋಟಿ ಮನೆ. ಎರಡು ಕಿಲೋವ್ಯಾಟ್ ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ ಸಬ್ಸಿಡಿ, ಮೂರು ಅಥವಾ ಅದಕ್ಕಿಂತ ಜಾಸ್ತಿ ಹಾಕಿಸಿದರೆ ಒಟ್ಟು 78,000 ಅಂತ ಶುರುವಿನಲ್ಲೇ ಪ್ರಕಟಿಸಿದರು. ದುಡ್ಡಿನ ದಾರಿ ಆಯಿತು. ಕೋಟಿ ಸ್ಟೇಷನ್‌ಗಳನ್ನು ಕಟ್ಟುವ, ಕಾಯುವ ಕೈಗಳು ಎಲ್ಲಿಂದ ಬರಬೇಕು?

ಸರ್ಕಾರದ ಕಡೆಯಿಂದ ಒಂದು ಉತ್ತರ ಮೊದಲೇ ಇತ್ತು: 2015ರಲ್ಲಿ ಶುರುವಾದ 'ಸೂರ್ಯಮಿತ್ರ' ತರಬೇತಿ. ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ರೂಪಿಸಿದ್ದು. ಸುಮಾರು ಮೂರು ತಿಂಗಳು, 600 ಗಂಟೆ. ಗುರಿ 50,000 ಜನರನ್ನು ತಯಾರು ಮಾಡುವುದಾಗಿತ್ತು. ಪಠ್ಯ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ಇರುವುದು ಆ ಗಂಟೆಗಳನ್ನು ಎಲ್ಲಿ ಕಳೆಯುತ್ತಾರೆ ಅನ್ನುವುದರ ಬಗ್ಗೆ. ಪ್ಯಾನೆಲ್ ಹೊರುವುದು, ಬೋಲ್ಟ್ ಬಿಗಿಯುವುದು ಎರಡು ವಾರದಲ್ಲಿ ಬರುತ್ತದೆ. ಅಳೆಯುವುದು, ಅಳೆದದ್ದನ್ನು ಅನುಮಾನಿಸುವುದು ಬರಲು ಬಹಳ ದಿನ ಬೇಕು.

ಬಿಲ್ಲಿನಿಂದ ಶುರು

ಡಿಸೈನ್ ಅಂದ ಕೂಡಲೇ ಹುಡುಗರು ಕಂಪ್ಯೂಟರ್ ಕಡೆ ನೋಡುತ್ತಾರೆ. ನಾನು ಮೊದಲು ಕೇಳುವುದು ಹಳೇ ಕರೆಂಟ್ ಬಿಲ್. ಹನ್ನೆರಡು ತಿಂಗಳದ್ದು. ಏಪ್ರಿಲಿನ ಒಂದು ಬಿಲ್ ನೋಡಿ ಲೆಕ್ಕ ಹಾಕಿದರೆ ಫ್ಯಾನು, ಕೂಲರ್ ಎಲ್ಲ ಸೇರಿ ಜಾಸ್ತಿ ತೋರಿಸುತ್ತದೆ.

ನಮ್ಮ ಕಡೆ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ಕೊಡುತ್ತದೆ. ತಿಂಗಳಿಗೆ 300 ಯೂನಿಟ್ ಬಳಸುವ ಮನೆ ಅಂದರೆ ದಿನಕ್ಕೆ ಹತ್ತು ಯೂನಿಟ್. ಎರಡೂವರೆ ಕಿಲೋವ್ಯಾಟ್ ಸಾಕು, ಮೂರು ಹಾಕಿದರೆ ಧಾರಾಳ. ಜಾಗ ಕಿಲೋವ್ಯಾಟಿಗೆ ಸುಮಾರು ನೂರು ಚದರಡಿ. 540 ವ್ಯಾಟ್‌ನ ಆರು ಪ್ಯಾನೆಲ್ ಹಾಕಿದರೆ 3,240 ವ್ಯಾಟ್ ಆಯಿತು.

ಹಾಗಾದರೆ ತಿಂಗಳಿಗೆ 120 ಯೂನಿಟ್ ಬಳಸುವ ಮನೆಯವರು ಬಂದು "ನಮಗೂ ಹಾಕಿಕೊಡಿ" ಅಂದರೆ? 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಬಹುಪಾಲು ಮನೆಗಳಿಗೆ ಕಟ್ಟಬೇಕಾದ ಬಿಲ್ಲೇ ಇಲ್ಲ. ಅವರಿಗೆ ಸೋಲಾರ್ ಉಳಿಸಿಕೊಡುವುದು ಏನು? ಇಂಥ ಮನೆಗೆ "ಈಗ ಬೇಡ ಅಮ್ಮ, ದುಡ್ಡು ಇಟ್ಟುಕೊಳ್ಳಿ" ಅಂತ ಹೇಳುವುದೂ ಡಿಸೈನೇ. ವ್ಯಾಪಾರ ಮಾಡುವವರಿಗೆ ಈ ಪಾಠ ಇಷ್ಟವಾಗುವುದಿಲ್ಲ, ನನಗೆ ಗೊತ್ತು.

ನೆರಳು

ಬಿಲ್ ಆದ ಮೇಲೆ ಟೆರೇಸ್ ಹತ್ತಬೇಕು. ಮಂಡ್ಯದಲ್ಲಿ ಸೋಲಾರಿಗೆ ದೊಡ್ಡ ಶತ್ರು ಮೋಡ ಅಲ್ಲ, ತೆಂಗಿನಮರ.

ಒಂದು ಗರಿಯ ನೆರಳು ಬಿದ್ದರೆ ಏನು ಮಹಾ ಅನಿಸುತ್ತದೆ. ನೂರರಲ್ಲಿ ಎರಡು ಭಾಗ ನೆರಳಾದರೆ ಎರಡು ಭಾಗ ಕರೆಂಟ್ ಹೋಗಬೇಕು, ಅಲ್ವಾ? ಹಾಗಾಗುವುದಿಲ್ಲ. ಪ್ಯಾನೆಲ್ ಒಳಗಿನ ಬಿಲ್ಲೆಗಳು, ಅಂದರೆ ಕರೆಂಟ್ ಹುಟ್ಟಿಸುವ ಸೆಲ್‌ಗಳು, ಸಾಲುಸಾಲಾಗಿ ಸೀರೀಸ್‌ನಲ್ಲಿ ಇರುತ್ತವೆ. ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲಾಗಿ ಹೋಗುವುದನ್ನು ನೋಡಿದ್ದೀರಲ್ಲ. ಕಿರಿದಾದ ದಾರಿಯಲ್ಲಿ ಒಂದು ಗಾಡಿ ನಿಧಾನವಾದರೆ ಹಿಂದಿನದೆಲ್ಲ ಅದರ ವೇಗಕ್ಕೇ ಬರಬೇಕು. ನೆರಳು ಬಿದ್ದ ಬಿಲ್ಲೆ ಆ ಗಾಡಿ. ಅಷ್ಟೇ ಅಲ್ಲ, ಹಿಂದಿನವು ತಳ್ಳುವ ರಭಸಕ್ಕೆ ಅದು ಬಿಸಿಯಾಗಿ ಸುಡಲೂಬಹುದು. ಇದಕ್ಕೆ ಪ್ಯಾನೆಲ್ ಹಿಂದಿನ ಪುಟ್ಟ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ನಿಂತ ಗಾಡಿಯನ್ನು ಬಿಟ್ಟು ಉಳಿದವು ಪಕ್ಕದ ಹಾದಿಯಲ್ಲಿ ಹೋಗಲಿ ಅಂತ. ಆದರೆ ಆ ಹಾದಿ ಹಿಡಿದರೆ ಪ್ಯಾನೆಲ್‌ನ ಮೂರನೇ ಒಂದು ಭಾಗ ಪೂರ್ತಿ ಲೆಕ್ಕದಿಂದ ಹೊರಗೆ. ಒಂದು ಗರಿಗೆ ತೆರುವ ಬೆಲೆ ಅದು.

ನೆರಳಿನ ಲೆಕ್ಕಕ್ಕೆ ಸೂರ್ಯನ ಓಡಾಟ ಗೊತ್ತಿರಬೇಕು. ಮೈಸೂರು, ಮಂಡ್ಯ ಎರಡೂ 12 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿವೆ. ಅದಕ್ಕೇ ಇಲ್ಲಿ ಪ್ಯಾನೆಲ್ಲನ್ನು ದಕ್ಷಿಣಕ್ಕೆ ಮುಖ ಮಾಡಿ 10ರಿಂದ 15 ಡಿಗ್ರಿ ವಾಲಿಸಿದರೆ ಸಾಕು. ತೀರಾ ಮಟ್ಟಸವಾಗಿ ಇಟ್ಟರೆ ಮಳೆನೀರು ನಿಂತು ಕೆಳಅಂಚಿನಲ್ಲಿ ಕೆಸರು ಕಟ್ಟುತ್ತದೆ.

ಡಿಸೆಂಬರ್ ಕೊನೆಗೆ ಬೆಳಿಗ್ಗೆ ಒಂಬತ್ತು ಇಪ್ಪತ್ತರ ಹೊತ್ತಿಗೆ ಸೂರ್ಯ ಇಲ್ಲಿ ಸುಮಾರು 33 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಒಂದು ಅಡಿ ಎತ್ತರದ ವಸ್ತುವಿಗೆ ಒಂದೂವರೆ ಅಡಿ ನೆರಳು. ಮೂರಡಿ ಪ್ಯಾರಪೆಟ್ ಗೋಡೆಗೆ ನಾಲ್ಕೂವರೆ ಅಡಿ. ಪ್ಯಾನೆಲ್ಲನ್ನು ಗೋಡೆಗೆ ಒತ್ತರಿಸಿ ಇಡುವವರು ಈ ಲೆಕ್ಕ ಹಾಕಿಲ್ಲ ಅಂತಲೇ ಅರ್ಥ.

ಇನ್ನೊಂದು ವಿಷಯ ಉತ್ತರ ಭಾರತದ ಪುಸ್ತಕ ಓದಿದವರಿಗೆ ಹೊಳೆಯುವುದಿಲ್ಲ. ನಮ್ಮಲ್ಲಿ ಏಪ್ರಿಲ್ ಇಪ್ಪತ್ತರ ನಂತರ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ. ಆಗಸ್ಟ್ ಇಪ್ಪತ್ತರ ಆಸುಪಾಸಿಗೆ ಮತ್ತೆ ನೆತ್ತಿಗೆ ಬರುತ್ತಾನೆ. ಅಂದರೆ ವರ್ಷದಲ್ಲಿ ಸುಮಾರು ನಾಲ್ಕು ತಿಂಗಳು ನೆರಳು ದಕ್ಷಿಣದ ಕಡೆಗೆ ಬೀಳುತ್ತದೆ. "ಮರ ಉತ್ತರಕ್ಕಿದೆ ಸಾ, ಏನೂ ಆಗಲ್ಲ" ಅನ್ನುವ ಹುಡುಗನನ್ನು ಜೂನ್ ತಿಂಗಳ ಬೆಳಿಗ್ಗೆ ಎಂಟಕ್ಕೆ ಅದೇ ಟೆರೇಸ್‌ಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ. ಈಶಾನ್ಯದ ಕಡೆಯ ಮರದ ನೆರಳು ಉದ್ದಕ್ಕೆ ಬಂದು ಪ್ಯಾನೆಲ್ ಮೇಲೆ ಮಲಗಿರುತ್ತದೆ. ಆಮೇಲೆ ಬೋರ್ಡಿನ ಮೇಲೆ ಏನೂ ಬರೆಯಬೇಕಾಗುವುದಿಲ್ಲ.

ಸಿಂಟೆಕ್ಸ್ ಟ್ಯಾಂಕ್, ಡಿಶ್ ಆಂಟೆನಾ, ನೀರಿನ ಸೋಲಾರೇ ಆಗಬಹುದು, ಪಕ್ಕದ ಸೈಟಿನಲ್ಲಿ ನಾಳೆ ಏಳಬಹುದಾದ ಎರಡನೇ ಅಂತಸ್ತೂ ಆಗಬಹುದು. ಎಲ್ಲವನ್ನೂ ಬರೆದುಕೊಳ್ಳಬೇಕು. ಪಕ್ಕದ ಸೈಟು ಖಾಲಿ ಇದ್ದರೆ ಅದರ ಮಾಲೀಕರನ್ನು ಕೇಳಿ ಬರಲು ಹುಡುಗರು ನಾಚುತ್ತಾರೆ. ಕೇಳಲೇಬೇಕು.

ಚಳಿಯ ಬೆಳಗು, ಏಪ್ರಿಲಿನ ಮಧ್ಯಾಹ್ನ

ಪ್ಯಾನೆಲ್ ಹಿಂದೆ ಅಂಟಿಸಿರುವ ಚೀಟಿಯಲ್ಲಿ 540 ವ್ಯಾಟ್ ಅಂತ ಇರುತ್ತದೆ. ಅದು ಲ್ಯಾಬ್‌ನಲ್ಲಿ, ಚದರ ಮೀಟರಿಗೆ 1,000 ವ್ಯಾಟ್ ಬೆಳಕಿನಲ್ಲಿ, ಬಿಲ್ಲೆಯ ಬಿಸಿ 25 ಡಿಗ್ರಿ ಇದ್ದಾಗಿನ ಮಾತು. ಏಪ್ರಿಲ್ ಮಧ್ಯಾಹ್ನ ಮಂಡ್ಯದ ಟೆರೇಸ್ ಮೇಲೆ ಬಿಲ್ಲೆ 65 ಡಿಗ್ರಿ ಮುಟ್ಟುತ್ತದೆ. ಪ್ರತಿ ಡಿಗ್ರಿಗೆ ನೂರಕ್ಕೆ 0.35ರಷ್ಟು ಶಕ್ತಿ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. 40 ಡಿಗ್ರಿ ಹೆಚ್ಚಿಗೆ ನೂರಕ್ಕೆ 14 ಹೋಯಿತು. ಸುಡುಬಿಸಿಲು ಇದ್ದಷ್ಟೂ ಕರೆಂಟ್ ಜಾಸ್ತಿ ಅನ್ನುವ ನಂಬಿಕೆ ಇಲ್ಲಿಗೆ ಮುಗಿಯಿತು. ಪ್ಯಾನೆಲ್‌ಗೆ ಬೇಕಾದ್ದು ಬೆಳಕು. ಸೆಕೆ ಅದಕ್ಕೂ ಆಗುವುದಿಲ್ಲ. ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು ಅನ್ನುವುದು ಇದಕ್ಕೇ.

ಕಾದರೆ ಅಡಿ ಇಳಿಯುತ್ತದೆ ಅಂದೆ. ಹಾಗಾದರೆ ತಣ್ಣಗಾದರೆ? ಏರುತ್ತದೆ. ಅಪಾಯ ಇರುವುದು ಅಲ್ಲಿ. 540 ವ್ಯಾಟ್ ಪ್ಯಾನೆಲ್ ಒಂದಕ್ಕೆ ಹೊರೆ (ಲೋಡ್) ಹಾಕದೆ ಅಳೆದರೆ ಸುಮಾರು 49.5 ವೋಲ್ಟ್. ಪ್ಯಾನೆಲ್‌ನ ಕರೆಂಟನ್ನು ಮನೆ ಬಳಕೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ 550 ವೋಲ್ಟ್ ವರೆಗೆ ತಡೆಯುತ್ತದೆ ಅಂತ ಬರೆದಿದೆ. ಹಾಗಾದರೆ ಎಷ್ಟು ಪ್ಯಾನೆಲ್ ಸೀರೀಸ್ ಕಟ್ಟಬಹುದು? ಈ ಪ್ರಶ್ನೆ ಪ್ರತಿ ಬ್ಯಾಚಿಗೂ ಕೊಡುತ್ತೇನೆ. ಹನ್ನೊಂದು ಅನ್ನುತ್ತಾರೆ, ಗುಣಿಸಿದರೆ 544.5. ಸರಿ ಕಾಣುತ್ತದೆ. ಈಗ ಡಿಸೆಂಬರ್ ಬೆಳಗಿನ ಜಾವ ನೆನಪಿಸಿಕೊಳ್ಳಿ. 15 ಡಿಗ್ರಿ ಚಳಿ, ಸೂರ್ಯ ಈಗಷ್ಟೇ ಮೂಡಿದ್ದಾನೆ, ಪ್ಯಾನೆಲ್ ಇನ್ನೂ ತಣ್ಣಗಿದೆ. ಪ್ರತಿ ಡಿಗ್ರಿ ಇಳಿದರೆ ವೋಲ್ಟೇಜ್ ನೂರಕ್ಕೆ ಸುಮಾರು 0.28 ಏರುತ್ತದೆ. 25ರಿಂದ 15ಕ್ಕೆ ಹತ್ತು ಡಿಗ್ರಿ, ಅಂದರೆ 2.8. ಲೆಕ್ಕ 560ರ ಹತ್ತಿರ ಬಂತು. ಇನ್ವರ್ಟರ್ ಹೊಗೆಯಾಡುವುದು ಬಿರುಬೇಸಿಗೆಯಲ್ಲಲ್ಲ, ಇಂಥ ಒಂದು ಚಳಿಯ ಬೆಳಿಗ್ಗೆ. ವಾರಂಟಿಯೂ ಸಿಗುವುದಿಲ್ಲ, ತಪ್ಪು ನಮ್ಮದು. ಹಾಗಾಗಿ ಹತ್ತಕ್ಕೇ ನಿಲ್ಲಬೇಕು. ಮೈಸೂರಿನಲ್ಲಿ ಪಾದರಸ ಇನ್ನೂ ಕೆಳಗೆ ಇಳಿದ ದಾಖಲೆ ಇದೆ, ಹಾಗಾಗಿ ಅಂಚಿಗೆ ಹೋಗಲೇಬಾರದು.

ಇನ್ನೊಂದು ತುದಿಯನ್ನೂ ನೋಡಬೇಕು. ತೀರಾ ಕಡಿಮೆ ಪ್ಯಾನೆಲ್ ಕಟ್ಟಿದರೆ ಬೇಸಿಗೆ ಮಧ್ಯಾಹ್ನ ವೋಲ್ಟೇಜ್ ಕುಸಿದು ಇನ್ವರ್ಟರ್‌ಗೆ ಬೇಕಾದ ಕನಿಷ್ಠಕ್ಕಿಂತ ಕೆಳಗೆ ಹೋಗುತ್ತದೆ. ನಮ್ಮ ಆರು ಪ್ಯಾನೆಲ್ ಮನೆಗೆ ಆ ಚಿಂತೆ ಇಲ್ಲ: ಚಳಿಯಲ್ಲಿ 305, ಸೆಕೆಯಲ್ಲಿ ಕೆಲಸ ಮಾಡುವಾಗ 214 ವೋಲ್ಟ್. ಎರಡೂ ಸಾಮಾನ್ಯ ಇನ್ವರ್ಟರ್‌ನ ಮಿತಿಯೊಳಗೇ ಇವೆ.

ಆರಿಸಲಾಗದ ಸ್ವಿಚ್

ಮನೆ ವೈರಿಂಗ್ ಮಾಡಿ ಪಳಗಿದ ಹುಡುಗರಿಗೆ ಸೋಲಾರ್ ಕಲಿಸುವುದು ಹೊಸಬರಿಗೆ ಕಲಿಸುವುದಕ್ಕಿಂತ ಕಷ್ಟ. ಅವರಿಗೆ ಧೈರ್ಯ ಜಾಸ್ತಿ. ಮೇನ್ ಆಫ್ ಮಾಡಿದರೆ ಎಲ್ಲ ಸತ್ತಿತು ಅನ್ನುವುದು ಅವರ ಕೈಗೆ ಅಭ್ಯಾಸ. ಪ್ಯಾನೆಲ್‌ಗೆ ಮೇನ್ ಇಲ್ಲ. ಬೆಳಕು ಇರುವ ತನಕ ಅದು ಜೀವಂತ. ಬಿಚ್ಚಿ ನೆಲದ ಮೇಲೆ ಇಟ್ಟರೂ ಜೀವಂತ.

ಮನೆಗೆ ಬರುವ ಎಸಿ ಕರೆಂಟ್ ದಿಕ್ಕು ಬದಲಿಸುತ್ತಾ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುತ್ತದೆ. ಸ್ವಿಚ್ ತೆಗೆದಾಗ ಕಿಡಿ ಹಾರಿದರೂ ಆ ಸೊನ್ನೆಯಲ್ಲಿ ಆರಿಹೋಗುತ್ತದೆ. ಪ್ಯಾನೆಲ್‌ನದು ಡಿಸಿ. ಅದು ಒಂದೇ ದಿಕ್ಕಿಗೆ ಹರಿಯುತ್ತದೆ, ಅದಕ್ಕೆ ಸೊನ್ನೆಯೇ ಇಲ್ಲ. 300 ವೋಲ್ಟ್ ಡಿಸಿ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಹುಟ್ಟುವ ಕಿಡಿ ಆರುವುದಿಲ್ಲ, ಉದ್ದವಾಗುತ್ತದೆ. ಕೈ ಸುಡುತ್ತದೆ, ಪ್ಲಾಸ್ಟಿಕ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಮೊದಲು ಇನ್ವರ್ಟರ್ ನಿಲ್ಲಿಸು, ಆಮೇಲೆ ಡಿಸಿ ಐಸೊಲೇಟರ್ (ಪ್ಯಾನೆಲ್ಲನ್ನು ಇನ್ವರ್ಟರ್‌ನಿಂದ ಬೇರೆ ಮಾಡುವ ಸ್ವಿಚ್) ತೆಗೆ, ಕ್ಲ್ಯಾಂಪ್ ಮೀಟರ್‌ನಲ್ಲಿ ಸೊನ್ನೆ ನೋಡು, ಕೊನೆಗೆ ಕನೆಕ್ಟರ್ ಮುಟ್ಟು. ಈ ಕ್ರಮವನ್ನು ನಾನು ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತೇನೆ. ಹಾಗೆಯೇ ಎಸಿಗೆ ಮಾಡಿದ ಎಂಸಿಬಿಯನ್ನು ಡಿಸಿ ಕಡೆ ಹಾಕಬಾರದು. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಬೆಲೆ ಮಾತ್ರ ಬೇರೆ. ಆಸೆಯಾಗುವುದು ಅಲ್ಲೇ.

ಕನೆಕ್ಟರ್ ಮಾತು ಬಂದಾಗ ಶ್ರೀರಂಗಪಟ್ಟಣಕ್ಕೆ ಮತ್ತೆ ಹೋಗೋಣ. ಅಲ್ಲಿ ಕರಗಿದ್ದ ಜೋಡಿಯಲ್ಲಿ ಗಂಡು ಒಂದು ಕಂಪನಿಯದು, ಹೆಣ್ಣು ಇನ್ನೊಂದರದು. ಎಂಸಿ4 ಅನ್ನುವ ಈ ಕನೆಕ್ಟರ್‌ಗಳು ಯಾವ ಕಂಪನಿಯದಾದರೂ ಒಂದಕ್ಕೊಂದು ಕೂತ ಹಾಗೆ ಕಾಣುತ್ತವೆ. ಟಕ್ ಅನ್ನುತ್ತವೆ. ಆದರೆ ಒಳಗಿನ ಲೋಹ ಕೂದಲೆಳೆಯಷ್ಟು ಸಡಿಲ. ಆ ಸಡಿಲದಲ್ಲಿ ದಿನಾ ಬಿಸಿ, ರಾತ್ರಿ ತಣ್ಣಗೆ. ತಿಂಗಳುಗಟ್ಟಲೆ ಹೀಗೇ ನಡೆದು ಒಂದು ದಿನ ಸುಟ್ಟುಹೋಗುತ್ತದೆ. ಕನೆಕ್ಟರನ್ನು ಕ್ರಿಂಪಿಂಗ್ ಟೂಲ್ ಬದಲು ಕಟಿಂಗ್ ಪ್ಲೇಯರ್‌ನಲ್ಲಿ ಅಮುಕಿದರೂ ಇದೇ ಗತಿ. ಎರಡು ಲಕ್ಷದ ಕೆಲಸವನ್ನು ಕೆಡಿಸಲು ಅಂಗೈಯಲ್ಲಿ ಹಿಡಿಯುವ ಒಂದು ಪ್ಲಾಸ್ಟಿಕ್ ತುಂಡು ಸಾಕು.

ಅರ್ಥಿಂಗ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಡಿಸಿ ಕಡೆಗೆ, ಎಸಿ ಕಡೆಗೆ, ಸಿಡಿಲು ತಡೆಯುವ ಲೈಟ್ನಿಂಗ್ ಅರೆಸ್ಟರ್‌ಗೆ ಬೇರೆಬೇರೆ ಅರ್ಥ್ ಪಿಟ್ ತೋಡುವುದು ವಾಡಿಕೆ. ತೋಡಿದರೆ ಸಾಲದು, ಅರ್ಥ್ ಟೆಸ್ಟರ್ ಹಿಡಿದು ಅಳೆಯಬೇಕು. 5 ಓಮ್‌ಗಿಂತ ಕೆಳಗೆ ಬರಬೇಕು ಅಂತ ಇಟ್ಟುಕೊಂಡಿದ್ದೇವೆ. ಮಳೆಗಾಲದಲ್ಲಿ ಅಳೆದು ಸರಿ ಇದೆ ಅಂತ ಬರೆದದ್ದು ಮಾರ್ಚಿನ ಒಣ ನೆಲದಲ್ಲಿ ಸುಳ್ಳಾಗಬಹುದು.

ಕಂಬದ ಲೈನಿನ ಜೊತೆ ಸಂಸಾರ

ಸೋಲಾರ್ ಹಾಕಿಸಿದ ಮೇಲೆ ಬರುವ ಮೊದಲ ಜಗಳ ಇದು. "ಕರೆಂಟ್ ಹೋದಾಗ ಸೋಲಾರೂ ಹೋಗುತ್ತೆ! ಬಿಸಿಲು ಇದೆಯಲ್ರೀ?" ಪಾಪ, ಅವರಿಗೆ ಯಾರೂ ಹೇಳಿರುವುದಿಲ್ಲ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಇನ್ವರ್ಟರ್ ಲೈನ್ ಸತ್ತ ಕೂಡಲೇ ತಾನೂ ನಿಲ್ಲಬೇಕು, ಬೇಕಂತಲೇ ಹಾಗೆ ಮಾಡಿರುತ್ತಾರೆ. ಯಾಕಂದರೆ ಆ ಹೊತ್ತಿಗೆ ನಮ್ಮ ಕಡೆಯ ಕರೆಂಟ್ ಕಂಪನಿ ಸೆಸ್ಕ್‌ನ ಲೈನ್‌ಮನ್ ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿರುತ್ತಾನೆ. ನಮ್ಮ ಮನೆ ಮೇಲಿನ ಕರೆಂಟ್ ಹಿಂದಕ್ಕೆ ಹರಿದು ಅವನನ್ನು ಮುಟ್ಟಬಾರದು. ಹೀಗೆ ವಿವರಿಸಿದರೆ ಯಾರೂ ಜಗಳ ಆಡುವುದಿಲ್ಲ. ಹಳ್ಳಿಗಳಲ್ಲಂತೂ ಆ ಲೈನ್‌ಮನ್ ಯಾರ ಮಗ ಅಂತ ಎಲ್ಲರಿಗೂ ಗೊತ್ತು.

ಲೈನ್ ವೋಲ್ಟೇಜ್ ಏರಿದರೂ ಇನ್ವರ್ಟರ್ ನಿಲ್ಲುತ್ತದೆ. 230ರ ಮೇಲೆ ನೂರಕ್ಕೆ ಹತ್ತು, ಅಂದರೆ 253 ದಾಟಿದರೆ ಅದು ಕೈಬಿಡುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆ, ಸಣ್ಣ ವೈರ್, ಮಧ್ಯಾಹ್ನ ಸುತ್ತ ಯಾರೂ ಕರೆಂಟ್ ಬಳಸುತ್ತಿಲ್ಲ. ನಮ್ಮ ಪ್ಯಾನೆಲ್ ತಳ್ಳಿದ ಕರೆಂಟ್ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಏರುತ್ತದೆ. ಇನ್ವರ್ಟರ್ ಆಫ್, ಆನ್, ಮತ್ತೆ ಆಫ್. ಹುಡುಗರು ಇನ್ವರ್ಟರ್ ಕೆಟ್ಟಿದೆ ಅಂತ ಬಿಚ್ಚಲು ಕೂರುತ್ತಾರೆ. ಬಿಚ್ಚುವ ಮೊದಲು ಮಧ್ಯಾಹ್ನ ಹನ್ನೆರಡಕ್ಕೆ ಲೈನ್ ವೋಲ್ಟೇಜ್ ಅಳೆಯಿರಿ ಅನ್ನುತ್ತೇನೆ. ಸಂಜೆ ಅಳೆದು ಸರಿ ಇದೆ ಅಂದರೆ ಪ್ರಯೋಜನವಿಲ್ಲ.

ತೋಟದ ಪಂಪ್‌ಸೆಟ್ ಬೇರೆ ಕಥೆ, ಅದಕ್ಕೆ ಬೇರೆ ಲೇಖನವೇ ಬೇಕು. ಒಂದೇ ಮಾತು: 5 ಎಚ್‌ಪಿ ಅಂದರೆ 3,730 ವ್ಯಾಟ್ ಅಂತ ಲೆಕ್ಕ ಹಾಕಿ ಅಷ್ಟೇ ಪ್ಯಾನೆಲ್ ಹಾಕಿದರೆ ಬೆಳಿಗ್ಗೆ ಹತ್ತರ ತನಕ ನೀರು ಮೇಲೆ ಬರುವುದಿಲ್ಲ. ಅದಕ್ಕೆ ಸರ್ಕಾರಿ ಅಳತೆಯೂ 4,800 ವ್ಯಾಟ್ ಪ್ಯಾನೆಲ್ ಅನ್ನುತ್ತದೆ.

ಆಲೆಮನೆ ಮಸಿ, ಬೋರ್‌ವೆಲ್ ನೀರು

ಮೇಂಟೆನೆನ್ಸ್ ಅಂದರೆ ಪೈಪ್ ಹಿಡಿದು ನೀರು ಹೊಡೆಯುವುದು ಅಂದುಕೊಂಡವರೇ ಜಾಸ್ತಿ. ಮಂಡ್ಯದಲ್ಲಿ ಅದರಲ್ಲೂ ಎರಡು ತಾಪತ್ರಯ.

ಒಂದು ಆಲೆಮನೆ. ಕಬ್ಬಿನ ಸಿಪ್ಪೆ ಉರಿಸಿ ಬೆಲ್ಲ ಕಾಯಿಸುವಾಗ ಏಳುವ ಮಸಿ ಗಾಳಿ ಬೀಸಿದ ಕಡೆಗೆ ಹೋಗಿ ಕೂರುತ್ತದೆ. ಧೂಳಾದರೆ ಮಳೆಗೆ ತೊಳೆದುಹೋಗುತ್ತದೆ. ಮಸಿಗೆ ಜಿಡ್ಡು ಇರುತ್ತದೆ, ಬಟ್ಟೆಯಲ್ಲಿ ಒರೆಸಲೇಬೇಕು. ಆಲೆಮನೆ ಹತ್ತಿರದ ಮನೆಗೆ, ದೂರದ ಮನೆಗೆ ಒಂದೇ ಕ್ಲೀನಿಂಗ್ ಟೈಮ್‌ಟೇಬಲ್ ಕೊಡುವುದು ತಪ್ಪು.

ಇನ್ನೊಂದು ಬೋರ್‌ವೆಲ್ ನೀರು. ಗಡಸು ನೀರು ಆರಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ವಾರಾವಾರ ತೊಳೆದಷ್ಟೂ ಕಲೆ ದಪ್ಪವಾಗುತ್ತದೆ, ಕೊನೆಗೆ ತೊಳೆದವರಿಗಿಂತ ತೊಳೆಯದವರ ಪ್ಯಾನೆಲ್ಲೇ ಚೆನ್ನಾಗಿರುತ್ತದೆ! ನಲ್ಲಿಯ ಕಾವೇರಿ ನೀರು ಅಥವಾ ಮಳೆನೀರು ಹಿಡಿದಿಟ್ಟು ತೊಳೆಯಿರಿ. ಇಲ್ಲವೇ ನೀರು ಆರುವ ಮೊದಲು ವೈಪರ್‌ನಲ್ಲಿ ಎಳೆದುಬಿಡಿ. ಹೊತ್ತು ಬೆಳಿಗ್ಗೆ ಬೇಗ. ಕಾದ ಗಾಜಿನ ಮೇಲೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು.

ಕಾಗೆ, ಪಾರಿವಾಳದ ಹಿಕ್ಕೆಯನ್ನು ಹಗುರಾಗಿ ತಗೊಳ್ಳಬಾರದು. ಅದು ಗರಿಯ ನೆರಳಿನ ಹಾಗೇ, ಆದರೆ ಸೂರ್ಯನ ಜೊತೆ ಜರುಗುವುದಿಲ್ಲ. ದಿನವಿಡೀ ಒಂದೇ ಬಿಲ್ಲೆಯ ಮೇಲೆ. ಅಳಿಲು ವೈರ್ ಕಡಿಯುತ್ತದೆ. ಹಲ್ಲಿ ಇನ್ವರ್ಟರ್ ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆ. ಪ್ಯಾನೆಲ್ ಅಡಿಯಲ್ಲಿ ಕಣಜ ಗೂಡು ಕಟ್ಟುತ್ತದೆ, ಮೊದಲು ಇಣುಕಿ ನೋಡಿ ಆಮೇಲೆ ಕೈ ಹಾಕಬೇಕು. ಟೆರೇಸ್ ಅಂಚಿನಲ್ಲಿ ಕಣಜ ಕಚ್ಚಿ ಗಾಬರಿಯಾದರೆ ಕರೆಂಟಿಗಿಂತ ಬೀಳುವುದೇ ದೊಡ್ಡ ಅಪಾಯ. ಸೇಫ್ಟಿ ಬೆಲ್ಟ್ ಹಾಕದೆ ಸಿಮೆಂಟ್ ಶೀಟ್ ಹತ್ತಿದವನನ್ನು ನಾನು ಆ ದಿನ ಮನೆಗೆ ಕಳಿಸುತ್ತೇನೆ. ಮರುದಿನ ಬರಲಿ.

ಸಾಮಾನುಗಳ ಆಯುಷ್ಯವೂ ಒಂದೇ ಅಲ್ಲ. ಪ್ಯಾನೆಲ್ 25 ವರ್ಷ ಬಾಳುತ್ತದೆ, ವರ್ಷಕ್ಕೆ ನೂರಕ್ಕೆ ಅರ್ಧದಷ್ಟು ಸೊರಗುತ್ತಾ. ಇನ್ವರ್ಟರ್ ಅಷ್ಟು ಬಾಳುವುದಿಲ್ಲ, ಮಧ್ಯದಲ್ಲಿ ಒಮ್ಮೆಯಾದರೂ ಬದಲಾಯಿಸಬೇಕು. ಈ ಖರ್ಚನ್ನು ಮೊದಲ ದಿನವೇ ಮನೆಯವರಿಗೆ ಹೇಳಬೇಕು.

ನನ್ನ ಬ್ಯಾಚಿನ ಪರೀಕ್ಷೆ ಹೀಗಿರುತ್ತದೆ. ನಡೆಯುತ್ತಿರುವ ಒಂದು ಸಿಸ್ಟಮ್‌ನಲ್ಲಿ ನಾನು ಹಿಂದಿನ ಸಂಜೆ ಏನೋ ಒಂದು ಕೆಡಿಸಿ ಬಂದಿರುತ್ತೇನೆ. ಒಂದು ಬಿಲ್ಲೆಗೆ ಟೇಪ್ ಅಂಟಿಸಿರುತ್ತೇನೆ, ಇಲ್ಲ ಅರ್ಥ್ ವೈರ್ ಸಡಿಲಿಸಿರುತ್ತೇನೆ. ಕೆಲವು ಸಲ ಏನೂ ಕೆಡಿಸಿರುವುದಿಲ್ಲ. ಏನೂ ಕೆಡದಿದ್ದಾಗ "ಎಲ್ಲ ಸರಿ ಇದೆ" ಅಂತ ಅಳತೆ ತೋರಿಸಿ ಹೇಳಲು ಧೈರ್ಯ ಬೇಕು. ಸುಮಾರು ಹುಡುಗರು ಇಲ್ಲದ ತಪ್ಪು ಹುಡುಕಿ ಸಿಕ್ಕಿಬೀಳುತ್ತಾರೆ.

ಪಾಸಾದವರಿಗೆ ನಾನು ಹೇಳುವ ಕೆಲಸ ಒಂದು. ಸೋಲಾರ್ ಹಾಕಿ ಮುಗಿಸಿದ ಮೇಲೆ ಮನೆಯವರಿಗೆ ಆ್ಯಪ್ ಇನ್‌ಸ್ಟಾಲ್ ಮಾಡಿಕೊಟ್ಟು ಓಡಿಬರಬೇಡಿ. ಇನ್ವರ್ಟರ್ ಪಕ್ಕ ಒಂದು ಚೀಟಿ ಅಂಟಿಸಿ: ಬಿಸಿಲಿನ ದಿನ ಇಷ್ಟು ಯೂನಿಟ್ ಬರಬೇಕು, ಆಷಾಢದ ಮೋಡದಲ್ಲಿ ಇಷ್ಟಾದರೂ ಬರಬೇಕು, ಅದಕ್ಕಿಂತ ಕಡಿಮೆ ಒಂದು ವಾರ ಬಂದರೆ ಫೋನ್ ಮಾಡಿ.

ಪಾಂಡವಪುರದ ಕಡೆ ಒಂದು ಮನೆಯಲ್ಲಿ ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಹಾಗೇ ಮಾಡಿದ. ಆರು ಪ್ಯಾನೆಲ್, ಚೀಟಿಯಲ್ಲಿ 13 ಅಂತ ಬರೆದಿದ್ದ. ಮನೆಯ ಅಜ್ಜಿ ದಿನಾ ಸಂಜೆ ಆ ಅಂಕಿ ನೋಡಿ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆಯತೊಡಗಿದರು. ಮೂರನೇ ತಿಂಗಳು ಅವನಿಗೆ ಫೋನ್ ಬಂತು. "ಮಗ, ಹದಿಮೂರು ಇದ್ದಿದ್ದು ವಾರದಿಂದ ಒಂಬತ್ತಕ್ಕೆ ಬಂದದೆ. ಹಾಲಿನವನೇ ನೀರು ಹಾಕ್ತಾನೆ ಅಂದ್ಕಂಡಿದ್ದೆ, ಸೂರ್ಯನೂ ಶುರು ಮಾಡ್ಕಂಡನಾ?" ಇವನು ಹೋಗಿ ನೋಡಿದರೆ ಪಕ್ಕದ ಮನೆಯವರು ಹೊಸ ಸಿಂಟೆಕ್ಸ್ ಇಟ್ಟಿದ್ದರು, ಎತ್ತರದ ಕಬ್ಬಿಣದ ಸ್ಟ್ಯಾಂಡ್ ಮೇಲೆ. ಅವರ ಜೊತೆ ಮಾತಾಡಿ ಸ್ಟ್ಯಾಂಡನ್ನು ಆ ಮೂಲೆಯಿಂದ ಈ ಮೂಲೆಗೆ ಜರುಗಿಸಿದರು. ಟ್ಯಾಂಕ್ ಖಾಲಿ ಮಾಡಿ ಎತ್ತಲು ನಾಲ್ಕು ಜನ ಬೇಕಾಯಿತಂತೆ.